ಅಟ್ಟದಿಂದ ಇಳಿದ ಗ್ರಾಮಫೋನಿಗೆ

ಹಳೇ ಗ್ರಾಮಫೋನ್ ಪೆಟ್ಟಿಗೆ ಅಟ್ಟದಿಂದ ಇಳಿಯಿತೆಂದರೆ ಕೀ ಕೊಡಲು ಕೈ ತುರಿಸುತ್ತದೆ. ಸ್ವಲ್ಪ ತಾಳಿ. ಮೊದಲು ಪಿನ್ನು ಸಿಕ್ಕಿಸುವ ದುಂಡನೆಯ ಸೌಂಡ್‌ಬಾಕ್ಸ್ ನೋಡಿ. ‘5ಎ’ ಅಥವಾ ‘5ಬಿ’ ಎಂದಿದ್ದರೆ ಪೆಟ್ಟಿಗೆ ಬಹುಶಃ 1931ರಲ್ಲಿ ಬಂದ ಎಚ್‌ಎಂವಿ ಕಂಪನಿಯ 102 ಮಾದರಿ. ಸೌಂಡ್‌ಬಾಕ್ಸಿನೊಳಗಿನ ತೆಳುಹಾಳೆ ಕಾಗೆಬಂಗಾರದ್ದಾದರೆ ಅದಕ್ಕೂ ಹಿಂದಿನ 101 ಇದ್ದೀತು. ಹಿತ್ತಾಳೆ ಕಹಳೆ ಹೊತ್ತು ಅಂಗಡಿಗಳಲ್ಲಿ ಮೆರೆಯುವ ‘ಪುರಾತನ’ ಯಂತ್ರಗಳಲ್ಲಿ ಎಷ್ಟೋ ಇಂಥ ಪೆಟ್ಟಿಗೆಗಳ ಮೋಟರ್ ಕಿತ್ತು ಕಟ್ಟಿದವು. ಹಾಗಾಗಿ ಬರೀ ಮೋಟರ್ ಕೇಳಿಕೊಂಡು ಬಂದವರಿಗೆ ಕೊಡಬೇಡಿ.

ಕೀ ಕೊಟ್ಟಾಗ ಒಳಗೆ ‘ಧಡ್’ ಎಂದು ಸದ್ದಾದರೆ ಸ್ಪ್ರಿಂಗ್ ಮುರಿದಿದೆ ಎಂದೇನಲ್ಲ; ಗ್ರೀಸ್ ಒಣಗಿ ಅಂಟಿನಂತಾದಾಗ ಸುರುಳಿಗಳು ಅಂಟಿಕೊಂಡು ಒಮ್ಮೆಲೇ ಬಿಡುತ್ತವೆ. ಬಿಚ್ಚಿ, ತೊಳೆದು, ಗ್ರಾಫೈಟ್ ಗ್ರೀಸ್ ಹಾಕಬೇಕು. ಈ ಕೆಲಸ ಮಾತ್ರ ಬಲ್ಲವರಿಗೇ ಬಿಡಿ: ಡಬ್ಬಿಯಿಂದ ಚಿಮ್ಮಿದ ಸ್ಪ್ರಿಂಗ್ ಬೆರಳು ಸೀಳುತ್ತದೆ. ವೇಗವನ್ನು ಹಿಡಿತದಲ್ಲಿಡುವ ಗವರ್ನರಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ನೀವೇ ಬಿಡಬಹುದು.

ಹಾಡು ಕರಕರ ಎಂದರೆ ತಪ್ಪು ಹೆಚ್ಚಾಗಿ ಸೌಂಡ್‌ಬಾಕ್ಸಿನ ರಬ್ಬರ್ ಬಳೆಯದ್ದು. ಅದು ಕಲ್ಲಾಗಿರುತ್ತದೆ, ಬದಲಿಸಿ. ಉಕ್ಕಿನ ಪಿನ್ನು ಹಾಡಿನ ತಟ್ಟೆಯ ಒಂದು ಬದಿಗೆ ಒಂದೇ. ಉಳಿತಾಯಕ್ಕೆ ಹೋದರೆ ತಟ್ಟೆ ಸವೆಯುತ್ತದೆ. ಎಲ್‌ಪಿ ಹಾಕಲೇಬೇಡಿ, ಈ ಭಾರಕ್ಕೆ ಅದು ತಡೆಯದು. ಅರಗಿನ ತಟ್ಟೆಯನ್ನು ಸ್ಪಿರಿಟ್‌ನಲ್ಲಿ ಒರೆಸಿದರೆ ಕರಗುತ್ತದೆ.

ವೇಗ ಸರಿಯಿದೆಯೇ ಎಂದು ತಿಳಿಯಲು ತಟ್ಟೆಯಡಿ ಕಾಗದದ ಚೂರು ಸಿಕ್ಕಿಸಿ, ಪಿನ್ನು ಹಾಡಿನ ಮೇಲಿರುವಾಗಲೇ ಸುತ್ತು ಎಣಿಸಿ. ನಿಮಿಷಕ್ಕೆ 78 ಬರುವವರೆಗೆ ವೇಗದ ತಿರುಪನ್ನು ಹೊಂದಿಸಿ. ಕೆಲವು ತೀರ ಹಳೆಯ ತಟ್ಟೆಗಳಿಗೆ ಸುತ್ತು ಹೆಚ್ಚುಕಡಿಮೆ ಬೇಕಾದೀತು. ಅಲ್ಲಿ ಗಾಯಕರ ಶ್ರುತಿ ಕೇಳಿ ಹೊಂದಿಸಿಕೊಳ್ಳಿ.