214 ಕೋಟಿ ದಾಟಿದ ಅವಿಭಾಜ್ಯ ಸಂಖ್ಯೆ

ಮಕ್ಕಳೇ, 2, 3, 5, 7, 11 ಇವು ಅವಿಭಾಜ್ಯ ಸಂಖ್ಯೆಗಳೆಂದು ನಿಮಗೆ ಗೊತ್ತು. 1 ಮತ್ತು ಅದೇ ಸಂಖ್ಯೆಯನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಇವು ಶೇಷವಿಲ್ಲದೆ ಭಾಗವಾಗುವುದಿಲ್ಲ. ಈಗ ಈ ಸಂಖ್ಯೆಯನ್ನು ಓದಿ: 2,14,74,83,647. ಇದು ಅವಿಭಾಜ್ಯವೇ?

2ನ್ನು 31 ಸಲ ಬರೆದು ಗುಣಿಸಿ, ಗುಣಲಬ್ಧದಿಂದ 1 ಕಳೆದರೆ ಈ ಸಂಖ್ಯೆ ಸಿಗುತ್ತದೆ. ಇದನ್ನು 2³¹ − 1 ಎಂದು ಬರೆಯುತ್ತೇವೆ. ಫ್ರಾನ್ಸಿನ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಯಲ್ಲಿ ಸೇರಿಸಿದರು. ಆದರೆ ಸಾಧನೆ ಕೊಡಲಿಲ್ಲ. ಅದೇ ಪಟ್ಟಿಯಲ್ಲಿದ್ದ 2⁶⁷ − 1 ಅವಿಭಾಜ್ಯವಲ್ಲವೆಂದು ಮುಂದೆ ತಿಳಿಯಿತು! ಯಾರೇ ಹೇಳಿರಲಿ, ಗಣಿತದಲ್ಲಿ ಸಾಧಿಸಿ ತೋರಿಸಿದರೆ ಮಾತ್ರ ಒಪ್ಪಿಗೆ.

2³¹ − 1 ಅವಿಭಾಜ್ಯವೆಂದು 1772ರಲ್ಲಿ ತೋರಿಸಿದವರು ಲಿಯೊನಾರ್ಡ್ ಆಯ್ಲರ್. ಆಗ ಅವರು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು. ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದು ಹೇಗೆ ಸಾಧ್ಯವಾಯಿತು?

ಎಲ್ಲಿಯವರೆಗೆ ಭಾಗಿಸಬೇಕು?

ಅಪವರ್ತನಗಳು ಜೋಡಿಯಾಗಿ ಬರುತ್ತವೆ. ಜೋಡಿಯಲ್ಲಿ ಎರಡೂ ವರ್ಗಮೂಲಕ್ಕಿಂತ ದೊಡ್ಡವಾದರೆ ಗುಣಲಬ್ಧ ಮೂಲ ಸಂಖ್ಯೆಯನ್ನೇ ಮೀರುತ್ತದೆ. ಆದ್ದರಿಂದ ವರ್ಗಮೂಲದವರೆಗೆ ಪರೀಕ್ಷಿಸಿದರೆ ಸಾಕು. 97ಕ್ಕೆ 2, 3, 5, 7 ಸಾಕು. ನಮ್ಮ ಸಂಖ್ಯೆಗೆ 46,340ರವರೆಗೆ ಹೋಗಬೇಕು. ಅಷ್ಟರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ.

ಯಾವುದರಿಂದ ಭಾಗಿಸಬೇಕು?

ಇಲ್ಲಿ ಇನ್ನೊಂದು ನಿಯಮ ನೆರವಾಗುತ್ತದೆ. 2¹¹ − 1 = 2047 = 23 × 89. ಈ ಅಪವರ್ತನಗಳನ್ನು ಗಮನಿಸಿ. 11ರ ಎರಡರಷ್ಟು 22. 23 ಎಂದರೆ 22 + 1. 89 ಎಂದರೆ 22 × 4 + 1. ಹೀಗೆಯೇ 2³¹ − 1ಕ್ಕೆ ಅಪವರ್ತನವಿದ್ದರೆ ಅದು 62ರ ಅಪವರ್ತ್ಯಕ್ಕಿಂತ 1 ಹೆಚ್ಚಿರಲೇಬೇಕು: 63, 125, 187, 249, 311... ಇಂಥವು 46,340ರೊಳಗೆ 747 ಮಾತ್ರ. ಅವುಗಳಲ್ಲೂ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು. 63, 125, 187, 249 ಬಿಟ್ಟುಹೋಗುತ್ತವೆ. ಮೊದಲು ಸಿಗುವುದು 311. ಭಾಗಿಸಿದರೆ ಶೇಷ 35. ಆಯ್ಲರ್ ಇನ್ನೊಂದು ನಿಯಮದಿಂದ ಪಟ್ಟಿಯನ್ನು ಮತ್ತಷ್ಟು ಕಿರಿದಾಗಿಸಿದರು. ಯಾವುದೂ ಶೇಷವಿಲ್ಲದೆ ಭಾಗಿಸಲಿಲ್ಲ. ಸಾಧನೆ ಪೂರ್ಣವಾಯಿತು!

ಇದೇ ಬಗೆಯ 2¹³⁶²⁷⁹⁸⁴¹ − 1 ಎಂಬ ಅವಿಭಾಜ್ಯ 2024ರಲ್ಲಿ ಕಂಪ್ಯೂಟರ್ ನೆರವಿನಿಂದ ಪತ್ತೆಯಾಯಿತು. ಅದರಲ್ಲಿ 4 ಕೋಟಿ 10 ಲಕ್ಷಕ್ಕೂ ಹೆಚ್ಚು ಅಂಕಿಗಳಿವೆ.

ಮಾಡಿ ನೋಡಿ

2¹³ − 1 = 8191. ಇದರ ವರ್ಗಮೂಲ 90ಕ್ಕಿಂತ ತುಸು ಹೆಚ್ಚು. 13ರ ಎರಡರಷ್ಟು 26. ಯಾವ ಯಾವ ಸಂಖ್ಯೆಗಳಿಂದ ಭಾಗಿಸಬೇಕು? ಎರಡೇ ಭಾಗಾಕಾರ ಸಾಕು. 8191 ಅವಿಭಾಜ್ಯವೇ ಎಂದು ನೀವೇ ಸಾಧಿಸಿ, ತರಗತಿಯಲ್ಲಿ ಎಲ್ಲರಿಗೂ ತೋರಿಸಿ.