ಸ್ವಾಗತದ ಮೊದಲ ಪತ್ರ
(ಪತ್ರಲೇಖನ: ಒಂದು ಪಾಠ)



ನಮ್ಮ ಕಾಸರಗೋಡಿನ ಮನೆಗಳಲ್ಲಿ ಬಂದ ಅತಿಥಿಗೆ ಮೊದಲು ಕೊಡುವುದು ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು. ಬಂದ ಕಾರ್ಯವೇನೆಂದು ಕೇಳುವುದು ಆಮೇಲೆ. ಬಿಸಿಲಲ್ಲಿ ನಡೆದು ಬಂದವರ ಬಾಯಾರಿಕೆ ತಣಿಯುವ ಮೊದಲೇ ಲೆಕ್ಕದ ಪುಸ್ತಕ ಬಿಚ್ಚುವವರನ್ನು ಯಾರೂ ಮೆಚ್ಚುವುದಿಲ್ಲ. ಈ ಸಲದ ವಾರ್ಷಿಕ ಸಂಚಿಕೆಗೆ ನಾವು ಆರಿಸಿಕೊಂಡ ಪಾಠವು ಈ ಬೆಲ್ಲ-ನೀರಿಗೇ ಸಂಬಂಧಿಸಿದ್ದು. ಸಣ್ಣ ವ್ಯಾಪಾರ ಮಾಡುವವರು ತಮ್ಮಲ್ಲಿ ಹೊಸದಾಗಿ ಹೆಸರು ಬರೆಸಿದವರಿಗೆ ಕಳುಹಿಸುವ ಮೊದಲ ಇಮೇಲ್ ಹೇಗಿರಬೇಕು ಎಂಬುದೇ ಇದರ ವಿಷಯ.

ಪತ್ರಲೇಖನ ಪರೀಕ್ಷೆಗೆ ಬರುವ ಪಾಠವೆಂಬುದು ನಿಮಗೆ ಗೊತ್ತು. 'ಇವರಿಂದ', 'ಇವರಿಗೆ', 'ಮಾನ್ಯರೇ', 'ವಿಷಯ', ಅದರ ಕೆಳಗೆ ಒಕ್ಕಣೆ, ಕೊನೆಗೆ 'ಇತಿ ತಮ್ಮ ವಿಶ್ವಾಸಿ' ಎಂದು ಕ್ರಮವಾಗಿ ಬರೆದರೆ ಅಂಕ ದೊರೆಯುತ್ತದೆ. ಆದರೆ ಪರೀಕ್ಷೆ ಮುಗಿದ ಮೇಲೆ ಇದರಿಂದ ಏನು ಪ್ರಯೋಜನ? "ಕನ್ನಡದಲ್ಲಿ ಪತ್ರ ಬರೆದರೆ ಓದುವವರು ಯಾರು ಮಾಷ್ಟ್ರೇ?" ಎಂದು ಹೆತ್ತವರೊಬ್ಬರು ನಮ್ಮನ್ನು ಕೇಳಿದ್ದೂ ಉಂಟು. ಆ ಪ್ರಶ್ನೆಗೆ ನಮಗಿಂತ ಚೆನ್ನಾಗಿ ಉತ್ತರ ಕೊಟ್ಟದ್ದು ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿಯ ಮನೆ.

ನಡೆದ ಸಂಗತಿ

ಆಕೆಯ ತಾಯಿ ಮತ್ತು ಚಿಕ್ಕಮ್ಮ ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. 2018ರಲ್ಲಿ ಕೇರಳ ಸರಕಾರವು ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ನಮ್ಮ ಹಿತ್ತಿಲುಗಳಲ್ಲಾದರೋ ಅದು ಅಜ್ಜಂದಿರ ಕಾಲದಿಂದಲೂ ಇದೆ. ಬಲಿತ ಕಾಯಿಯ ಸೊಳೆಯನ್ನು ಬೇಯಿಸಿ, ಉಪ್ಪು ಖಾರ ಸೇರಿಸಿ ಗುದ್ದಿ, ಉಂಡೆ ಮಾಡಿ ಒತ್ತಿ, ಚಾಪೆಯ ಮೇಲೆ ಒಣಗಿಸುವ ಈ ಕೆಲಸಕ್ಕೆ ಏಪ್ರಿಲ್-ಮೇ ತಿಂಗಳ ಬಿಸಿಲೇ ಬೇಕು. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಆ ವರ್ಷದ ಹಪ್ಪಳ ಅಲ್ಲಿಗೇ ಮುಗಿಯಿತು. ಆದ್ದರಿಂದ ಬೆಂಗಳೂರು, ಮುಂಬಯಿಗಳಲ್ಲಿ ನೆಲಸಿದ ಊರಿನವರು, "ಮುಂದಿನ ಸಲ ಹಪ್ಪಳ ಆದಾಗ ನಮಗೆ ತಿಳಿಸಿ" ಎಂದು ತಮ್ಮ ಇಮೇಲ್ ವಿಳಾಸ ಕೊಟ್ಟು ಹೋಗುತ್ತಿದ್ದರು. ಹೀಗೆ ತಾಯಿಯ ನೋಟುಪುಸ್ತಕದಲ್ಲಿ 38 ಹೆಸರುಗಳಾದವು.

ಮಗಳು ಉತ್ಸಾಹದಿಂದ ಆ 38 ಮಂದಿಗೂ ಮೊದಲ ಪತ್ರ ಬರೆದಳು. ಫೋನಿಗೆ ಬರುವ ಜಾಹೀರಾತುಗಳೇ ಅವಳಿಗೆ ಮಾದರಿ. "ಭರ್ಜರಿ ಕೊಡುಗೆ!!! ಇಂದೇ ಕೊಳ್ಳಿರಿ! ಪ್ರಪಂಚದಲ್ಲೇ ಶ್ರೇಷ್ಠ ಹಪ್ಪಳ! ಸಕ್ಕರೆ ಕಾಯಿಲೆಗೆ ರಾಮಬಾಣ!" ಎಂದಿತ್ತು ಒಕ್ಕಣೆ. ಮೇಲುಗಡೆ 38 ವಿಳಾಸಗಳೂ ಎಲ್ಲರ ಕಣ್ಣಿಗೆ ಬೀಳುವಂತೆ ಸಾಲಾಗಿ ಇದ್ದವು. ಮರುದಿನ ಒಂದೇ ಒಂದು ಉತ್ತರ ಬಂತು. ಪ್ರತಿವರ್ಷ ಎಲ್ಲರಿಗಿಂತ ಹೆಚ್ಚು ಹಪ್ಪಳ ಕೊಳ್ಳುತ್ತಿದ್ದ ಹಿರಿಯರೊಬ್ಬರು, "ನನ್ನ ವಿಳಾಸವನ್ನು ಗುರುತಿಲ್ಲದವರಿಗೆಲ್ಲ ಏಕೆ ತೋರಿಸಿದಿರಿ? ದಯವಿಟ್ಟು ನನ್ನ ಹೆಸರನ್ನು ತೆಗೆದುಬಿಡಿ" ಎಂದು ಬರೆದಿದ್ದರು. ತಾಯಿಗೆ ಇದು ಬಹಳ ನೋವಾಯಿತು. "ಇನ್ನು ಈ ಪತ್ರದ ಗೊಡವೆಯೇ ಬೇಡ, ಪೇಟೆಯ ಅಂಗಡಿಗೇ ಕೊಟ್ಟುಬಿಡುವ" ಎಂದರಂತೆ. ಅಂಗಡಿಯವರು ಕೊಡುವ ಬೆಲೆ ಕಡಿಮೆ. ಆ ಹಪ್ಪಳದ ಹಣದಿಂದಲೇ ಮಗಳ ಮುಂದಿನ ವರ್ಷದ ಖರ್ಚು ನಡೆಯಬೇಕಾಗಿತ್ತು.

ಅವಳು ಅಳುಮುಖದಿಂದ ಆ ಪತ್ರವನ್ನು ನಮಗೆ ತೋರಿಸಿದಳು. ತಾಯಿಯ ಒಪ್ಪಿಗೆ ಪಡೆದು ನಾವು ಅದನ್ನು ತರಗತಿಯಲ್ಲಿ ಪಾಠವಾಗಿ ತೆಗೆದುಕೊಂಡೆವು.

ಹೆಸರು ಬರೆಸಿದವರೆಂದರೆ ಯಾರು?

ಪತ್ರಿಕೆಗೆ ಹಣ ಕಟ್ಟಿದವರನ್ನು ಚಂದಾದಾರರು ಎನ್ನುತ್ತೇವೆ. ಇಲ್ಲಿ ಹೆಸರು ಬರೆಸಿದವರು ಹಣ ಕೊಟ್ಟಿಲ್ಲ. ತಮ್ಮ ವಿಳಾಸವನ್ನು ನಂಬಿಕೆಯಿಂದ ಕೊಟ್ಟಿದ್ದಾರೆ. ಆ ನಂಬಿಕೆಯೇ ಇಲ್ಲಿಯ ಚಂದಾಹಣ.

ಕೇಳಿದವರಿಗೆ ಬರೆಯುವುದು ಬೇರೆ, ಕೇಳದವರಿಗೆ ಬರೆಯುವುದು ಬೇರೆ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ ಎಂಬವರು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸಿದರು. ವಿಳಾಸದ ನಡುವೆ ಇಂದು ನಾವು ಕಾಣುವ 'ಅಟ್' ಚಿಹ್ನೆಯನ್ನು ಆರಿಸಿದವರೂ ಅವರೇ. ಏಳೇ ವರ್ಷಗಳಲ್ಲಿ, 1978ರಲ್ಲಿ, ಕಂಪ್ಯೂಟರ್ ಮಾರುವ ಸಂಸ್ಥೆಯೊಂದರ ಗ್ಯಾರಿ ಥ್ಯುರ್ಕ್ ಎಂಬವರು ಸುಮಾರು 400 ಮಂದಿಗೆ, ಯಾರೂ ಕೇಳದೆಯೇ, ಒಂದು ಜಾಹೀರಾತು ಪತ್ರ ಕಳುಹಿಸಿದರು. ಅನೇಕರು ಸಿಟ್ಟಾದರು. ಇಂದು ಸ್ಪ್ಯಾಮ್ ಎಂದು ಕರೆಯುವ ಬೇಡದ ಪತ್ರಗಳ ಮೊದಲನೆಯದು ಅದೇ ಎನ್ನುತ್ತಾರೆ. ನಮ್ಮ ವಿದ್ಯಾರ್ಥಿನಿಯ ಓದುಗರಾದರೋ ತಾವಾಗಿಯೇ ಕೇಳಿದವರು. ಆದರೆ ಅವಳ ಪತ್ರದ ಧಾಟಿ ಬೇಡದ ಪತ್ರದ ಧಾಟಿಯೇ ಆಗಿತ್ತು. ತಪ್ಪಿನ ಮೂಲ ಅಲ್ಲಿದೆ.

ಮೊದಲ ಪತ್ರದಲ್ಲಿ ಏನಿರಬೇಕು?

ತರಗತಿಯ ಚರ್ಚೆಯಲ್ಲಿ ಐದು ಅಂಶಗಳು ಹೊರಬಂದವು.

1. ಕೃತಜ್ಞತೆ. ಅವರು ವಿಳಾಸ ಕೊಟ್ಟದ್ದನ್ನು ನೆನಪಿಸಿ ವಂದಿಸಬೇಕು. ಹೆಸರು ಬರೆಸಿದ ದಿನವೇ ಅಥವಾ ಮರುದಿನವೇ ಪತ್ರ ಹೋಗಬೇಕು. ತಿಂಗಳು ಕಳೆದರೆ "ಇವರು ಯಾರು?" ಎಂದು ಅವರೇ ಕೇಳುವಂತಾದೀತು.

2. ಪರಿಚಯ. ನಾವು ಯಾರು, ಏನು ಮಾಡುತ್ತೇವೆ ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳಿದರೆ ಸಾಕು.

3. ಭರವಸೆ. ಯಾವ ಸುದ್ದಿ, ವರ್ಷಕ್ಕೆ ಎಷ್ಟು ಸಲ ಬರುತ್ತದೆ ಎಂಬುದನ್ನು ತಿಳಿಸಬೇಕು. ಮೂರು ಪತ್ರವೆಂದು ಹೇಳಿ ಮೂವತ್ತು ಬರೆಯಬಾರದು.

4. ಬಾಗಿಲು. ಬೇಡವೆನಿಸಿದಾಗ ಹೆಸರು ತೆಗೆಸುವ ದಾರಿಯನ್ನು ಮೊದಲ ಪತ್ರದಲ್ಲೇ ತೋರಿಸಬೇಕು. ಒಳಗೆ ಕರೆದವರು ಹೊರಗೆ ಹೋಗುವ ಬಾಗಿಲಿಗೆ ಅಗಳಿ ಹಾಕಬಾರದು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ಪಡೆಯುವುದೂ ಅಷ್ಟೇ ಸುಲಭವಾಗಿರಬೇಕೆಂದು ಹೇಳುತ್ತದೆ. ಅದೇ ಕಾಯಿದೆಯ ಪ್ರಕಾರ, ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಜನರಿಗೆ ಇರಬೇಕು. ಆ ಅನುಸೂಚಿಯಲ್ಲಿ ಕನ್ನಡವೂ ಇದೆ, ಮಲಯಾಳವೂ ಇದೆ ಎಂಬುದು ಗಡಿನಾಡಿನ ನಮಗೆ ಸಂತೋಷದ ವಿಷಯ.

5. ಒಂದೇ ಒಂದು ಕೋರಿಕೆ. ಕೊಳ್ಳಿರಿ, ಹಂಚಿರಿ, ಮೆಚ್ಚಿರಿ ಎಂದು ಒಟ್ಟಿಗೆ ಕೇಳಿದರೆ ಓದುವವರು ಯಾವುದನ್ನೂ ಮಾಡುವುದಿಲ್ಲ. ಉತ್ತರಿಸಲು ಸುಲಭವಾದ ಒಂದು ಪ್ರಶ್ನೆ ಸಾಕು.

ಏನಿರಬಾರದು?

ಸುಳ್ಳು ಇರಬಾರದು. ಹಪ್ಪಳ ರುಚಿಯ ವಸ್ತು, ಮದ್ದಲ್ಲ. "ಸಕ್ಕರೆ ಕಾಯಿಲೆಗೆ ರಾಮಬಾಣ" ಎಂಬ ಮಾತನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟರೆ ಅದರ ಪಾಪ ಬರೆದವರಿಗೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡವೂ ಇದೆ.

ಪರರ ವಿಳಾಸ ಬಹಿರಂಗವಾಗಬಾರದು. ಒಂದೇ ಪತ್ರವನ್ನು ಹಲವರಿಗೆ ಕಳುಹಿಸುವಾಗ ವಿಳಾಸಗಳನ್ನು 'ಬಿಸಿಸಿ' ಎಂಬ ಜಾಗದಲ್ಲಿ ಬರೆಯಬೇಕು. ಆಗ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ಸ್ವಾಗತದ ಪತ್ರವನ್ನು ಒಬ್ಬೊಬ್ಬರಿಗೂ ಹೆಸರು ಹಾಕಿ ಬೇರೆಬೇರೆಯಾಗಿ ಕಳುಹಿಸುವುದೇ ಲೇಸು.

ವಿಳಾಸಗಳನ್ನು ಕದ್ದು ಸೇರಿಸಬಾರದು. "ಹಳೆವಿದ್ಯಾರ್ಥಿಗಳ ಪಟ್ಟಿಯಲ್ಲಿ ಬೇಕಾದಷ್ಟು ವಿಳಾಸಗಳಿವೆಯಲ್ಲ, ಅವರಿಗೂ ಕಳುಹಿಸೋಣವೇ?" ಎಂದು ಒಬ್ಬ ಹುಡುಗ ಕೇಳಿದ. ಶಾಲೆಯ ಕಾರ್ಯಕ್ಕೆ ಕೊಟ್ಟ ವಿಳಾಸ ಶಾಲೆಯ ಕಾರ್ಯಕ್ಕೆ ಮಾತ್ರ ಎಂದು ನಾವು ಹೇಳಿದೆವು. ಮದುವೆ ಮನೆಯಿಂದ ತಂದ ಪಾತ್ರೆಯಲ್ಲಿ ನಾವು ಅಂಗಡಿ ನಡೆಸಬಹುದೇ?

ಅಕ್ಷರಗಳು ಕೆಡಬಾರದು. ಕೆಲವು ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕನ್ನಡ ಇನ್ನೊಬ್ಬರ ಫೋನಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಯುನಿಕೋಡಿನಲ್ಲಿ ಬರೆದರೆ ಈ ತೊಂದರೆ ಇಲ್ಲ. ಇಡೀ ಪತ್ರವನ್ನು ಒಂದು ಚಿತ್ರವಾಗಿ ಕಳುಹಿಸುವುದೂ ಬೇಡ. ಚಿತ್ರ ತೆರೆಯದಿದ್ದರೆ ಓದುವವರಿಗೆ ಖಾಲಿ ಹಾಳೆಯೇ ಗತಿ.

ಮಾದರಿ ಪತ್ರ

ತರಗತಿಯವರೆಲ್ಲ ಸೇರಿ, ತಾಯಿಯ ಮಾತುಗಳನ್ನೇ ಕೇಳಿ ಬರೆದುಕೊಂಡು, ಸಿದ್ಧಗೊಳಿಸಿದ ಪತ್ರ ಇದು:

ವಿಷಯ: ಹೆಸರು ಬರೆಸಿದ್ದಕ್ಕೆ ವಂದನೆಗಳು

ಮಾನ್ಯ .......... ಅವರಿಗೆ ನಮಸ್ಕಾರ.

ನಮ್ಮ ಹಲಸಿನ ಹಪ್ಪಳದ ಸುದ್ದಿ ತಿಳಿಸಬೇಕೆಂದು ತಾವು ವಿಳಾಸ ಕೊಟ್ಟಿರಿ. ಸಂತೋಷವಾಯಿತು. ನಾವು ಅಕ್ಕ-ತಂಗಿ ಇಬ್ಬರು ಮನೆಯಲ್ಲೇ ಹಪ್ಪಳ ಮಾಡುತ್ತೇವೆ. ಬಲಿತ ಹಲಸಿನ ಸೊಳೆ, ಉಪ್ಪು, ಒಣಮೆಣಸು, ಕೊತ್ತಂಬರಿ ಇಷ್ಟೇ ಇದಕ್ಕೆ ಸೇರುವುದು. ಬಿಸಿಲಿನಲ್ಲಿ ಒಣಗಿಸುವುದರಿಂದ ನಡುವೆ ಮಳೆ ಬಂದರೆ ತಡವಾಗುತ್ತದೆ.

ವರ್ಷಕ್ಕೆ ಮೂರು ಪತ್ರ ಬರೆಯುತ್ತೇವೆ: ಕೆಲಸ ತೊಡಗುವಾಗ ಒಂದು, ಹಪ್ಪಳ ಸಿದ್ಧವಾದಾಗ ಒಂದು, ಮುಗಿದಾಗ ಒಂದು. ತಮ್ಮ ವಿಳಾಸವನ್ನು ಬೇರೆ ಯಾರಿಗೂ ಕೊಡುವುದಿಲ್ಲ. ಪತ್ರ ಬೇಡವೆನಿಸಿದರೆ 'ಬೇಡ' ಎಂದು ಬರೆದರೆ ಸಾಕು, ಅದೇ ದಿನ ಹೆಸರು ತೆಗೆಯುತ್ತೇವೆ.

ಈಗ ಹಣ ಕಳುಹಿಸಬೇಕಾಗಿಲ್ಲ. ತಮಗೆ ಖಾರ ಹೆಚ್ಚಿನದು ಇಷ್ಟವೋ ಕಡಿಮೆಯದೋ ಎಂದು ಈ ಪತ್ರಕ್ಕೇ ಉತ್ತರವಾಗಿ ತಿಳಿಸಿದರೆ ಉಪಕಾರ.

ಇತಿ, ತಮ್ಮ ವಿಶ್ವಾಸಿಗಳು
(ಹೆಸರು, ಊರು, ದೂರವಾಣಿ)

ನೋಡಿರಿ, ಪರೀಕ್ಷೆಗೆ ಕಲಿತ ಸಂಬೋಧನೆ, ವಿಷಯ, ಒಕ್ಕಣೆ, ಮುಕ್ತಾಯ ಎಲ್ಲವೂ ಇಲ್ಲಿವೆ. ಒಂದು ಆಶ್ಚರ್ಯಸೂಚಕ ಚಿಹ್ನೆಯೂ ಇಲ್ಲ.

ಆಮೇಲೆ

ಮೊದಲು ತಾಯಿ ಆ ಹಿರಿಯರಿಗೆ ಎರಡು ಸಾಲಿನ ಕ್ಷಮಾಪತ್ರ ಬರೆಸಿ ಅವರ ಹೆಸರನ್ನು ಪಟ್ಟಿಯಿಂದ ತೆಗೆಸಿದರು. "ಸರಿ, ಪರವಾಗಿಲ್ಲ" ಎಂದು ಅವರು ಉತ್ತರಿಸಿದರು; ಆದರೆ ಮರಳಿ ಹೆಸರು ಬರೆಸಲಿಲ್ಲ. ಒಮ್ಮೆ ಹೋದ ನಂಬಿಕೆ ಒಂದು ಕ್ಷಮೆಯಿಂದ ಬಾರದು ಎಂಬುದನ್ನೂ ಮಕ್ಕಳು ಕಲಿತರು.

ಉಳಿದ 37 ಮಂದಿಗೆ ಹೊಸ ಪತ್ರ ಒಂದೊಂದಾಗಿ ಹೋಯಿತು. ಈ ಸಲ ಉತ್ತರಗಳು ಬಂದವು. ಕೆಲವರು ಖಾರ ಹೆಚ್ಚಿರಲಿ ಎಂದರು, ಕೆಲವರು ಮಕ್ಕಳಿಗಾಗಿ ಕಡಿಮೆ ಇರಲಿ ಎಂದರು. ಆಟಿ ತಿಂಗಳ ಮಳೆಯಲ್ಲಿ ಒಲೆಯ ಕೆಂಡದ ಮೇಲೆ ಸುಟ್ಟು ತಿನ್ನುತ್ತಿದ್ದ ಹಪ್ಪಳವನ್ನು ಒಬ್ಬರು ನೆನಪಿಸಿಕೊಂಡರು. ಮುಂಬಯಿಯ ಒಬ್ಬ ಮಹಿಳೆ ಹೀಗೆ ಬರೆದರು: "ನನ್ನ ಫೋನಿಗೆ ದಿನವೂ ಎಷ್ಟೋ ಪತ್ರ ಬರುತ್ತವೆ. ನಮ್ಮ ಊರಿನ ಕನ್ನಡದಲ್ಲಿ ಬಂದದ್ದು ಇದೊಂದೇ. ಮಗನಿಗೆ ಓದಿ ಹೇಳಿದೆ." ಆ ವರ್ಷ ಹಪ್ಪಳ ಅಂಗಡಿಗೆ ಹೋಗಲಿಲ್ಲ.

ಓದುವವರು ಯಾರು ಎಂದು ಕೇಳಿದ ಆ ಹೆತ್ತವರಿಗೆ ನಾವು ಈ ಉತ್ತರವನ್ನು ತೋರಿಸಿದೆವು. ಎರಡು ಭಾಷೆಗಳಲ್ಲಿ ಓದಿ ಬೆಳೆದ ನಾವು ಯಾವ ಭಾಷೆಯನ್ನೂ ಕೀಳೆನ್ನುವವರಲ್ಲ. ಮಲಯಾಳದಲ್ಲಿ ಮಾತನಾಡುವ ಗಿರಾಕಿಗೆ ಮಲಯಾಳದಲ್ಲೇ ಬರೆಯಬೇಕು. ಆದರೆ ಕನ್ನಡದ ಮನೆಗೆ ಕನ್ನಡದಲ್ಲಿ ಬರೆಯಬಲ್ಲವರು ನಮ್ಮ ಮಕ್ಕಳೇ. ಅವರು ಬರೆಯುವ ಮೊದಲ ಪತ್ರ ಬೆಲ್ಲ-ನೀರಿನಂತಿರಲಿ ಎಂದು ನಾವು ಹಾರೈಸುತ್ತೇವೆ.

ಅಭ್ಯಾಸ

1. 'ಚಂದಾದಾರ' ಮತ್ತು 'ಹೆಸರು ಬರೆಸಿದವರು' – ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ಬರೆಯಿರಿ.
2. ವಿದ್ಯಾರ್ಥಿನಿಯ ಮೊದಲ ಪತ್ರದಲ್ಲಿದ್ದ ಮೂರು ತಪ್ಪುಗಳನ್ನು ಗುರುತಿಸಿ, ಅವುಗಳಿಂದ ಆದ ಹಾನಿಯನ್ನು ತಿಳಿಸಿರಿ.
3. ನಿಮ್ಮ ಊರಿನಲ್ಲಿ ಹೊಲಿಗೆ, ಜೇನು, ಉಪ್ಪಿನಕಾಯಿ, ಸಸಿಗಳ ಮಾರಾಟ ಮುಂತಾದ ಸಣ್ಣ ವ್ಯಾಪಾರ ಮಾಡುವ ಒಬ್ಬರೊಡನೆ ಮಾತನಾಡಿ, ಅವರ ಪರವಾಗಿ 100 ಪದಗಳಿಗೆ ಮೀರದಂತೆ ಒಂದು ಸ್ವಾಗತ ಪತ್ರ ಬರೆಯಿರಿ. ಬರೆದುದನ್ನು ಮೊದಲು ಅವರಿಗೇ ಓದಿ ಹೇಳಿರಿ.