ಬೀಗ ಹಾಕಿದ ಮನೆಗಳನ್ನೂ ಎಣಿಸು, ಮಗಳೇ

ಭೈರವಾನಿತಿಪ್ಪ
ಗುರುವಾರ ಸಂಜೆ

ಪ್ರೀತಿಯ ಮಗಳೇ,

ದೊಡ್ಡಮ್ಮನ ಮೊಣಕಾಲು ನೋವು ಹಾಗೇ ಇದೆ, ಆದರೂ ಬೆಳಗ್ಗೆ ಡ್ಯಾಮಿನ ಕಟ್ಟೆಯವರೆಗೆ ನಡೆದು ಬರುವುದನ್ನು ಬಿಟ್ಟಿಲ್ಲ.

ನೀನು ಕಳಿಸಿದ ಪ್ರಶ್ನಾವಳಿ ಬಂತು. ಫೋನಿನಲ್ಲಿ ಅಕ್ಷರ ಸಣ್ಣದಾಗಿ ಕಂಡಿತೆಂದು ರಾಯದುರ್ಗಕ್ಕೆ ಹೋಗಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ನಲವತ್ತೆರಡು ಪ್ರಶ್ನೆಗಳನ್ನೂ ಎರಡು ಸಲ ಓದಿದೆ. ಕೊರೋನಾ ಆಂಧ್ರ ಕರ್ನಾಟಕದ ನಮ್ಮ ಗಡಿ ಊರುಗಳ ಮಕ್ಕಳಿಗೂ ಸಂಸಾರಗಳಿಗೂ ಏನು ಮಾಡಿತು ಅಂತ ಲೆಕ್ಕ ಹಾಕಿ ನೋಡಬೇಕು ಎಂದು ನಮ್ಮ ಮನೆಯ ಹುಡುಗಿಗೇ ಅನ್ನಿಸಿತಲ್ಲ, ಅದಕ್ಕೆ ನನಗೆ ಎಷ್ಟು ಸಂತೋಷವಾಯಿತೆಂದು ಬರೆದು ತಿಳಿಸಲಾರೆ. ನೀನು ಓದಿದ ಸಂಖ್ಯಾಶಾಸ್ತ್ರ ನನಗೆ ಬಾರದು. ಮೂವತ್ತು ವರ್ಷಕ್ಕೂ ಮೇಲೆ ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದವನು ನಾನು. ಆ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ, ಸರಿ ಕಂಡದ್ದನ್ನು ಇಟ್ಟುಕೋ.

ನಿನ್ನ ಒಂಬತ್ತನೇ ಪ್ರಶ್ನೆಗೆ ಬಂದಾಗ ಪೆನ್ನು ಕೆಳಗಿಟ್ಟೆ. "ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲಿ ಟಿವಿ ಅಥವಾ ಮೊಬೈಲ್ ಇತ್ತೇ? ಹೌದು, ಇಲ್ಲ." 2020ರಲ್ಲಿ ನನ್ನ ಕೈಗೂ ಇಂಥದೇ ಒಂದು ನಮೂನೆ ಬಂದಿತ್ತು. ಮಾಸ್ಕ್ ಕಟ್ಟಿಕೊಂಡು ಮನೆಮನೆ ತಿರುಗಿ, ಬಹುಪಾಲು ಮನೆಗಳಿಗೆ "ಹೌದು" ಎಂದು ಟಿಕ್ ಹಾಕಿ ಕಳಿಸಿದೆ. ಬರೆದದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಆ ಟಿವಿಯಲ್ಲಿ ಏನು ಬರುತ್ತಿತ್ತು? ಸಪ್ತಗಿರಿ ವಾಹಿನಿಯಲ್ಲಿ ನಮ್ಮ ರಾಜ್ಯದ ಪಾಠ, ತೆಲುಗಿನಲ್ಲಿ. ಚಂದನ ವಾಹಿನಿಯಲ್ಲಿ ಜುಲೈ ತಿಂಗಳಿಂದ 'ಸಂವೇದ' ಪಾಠಮಾಲೆ ಶುರುವಾಯಿತು, ಅದು ಕನ್ನಡದಲ್ಲಿ, ಆದರೆ ಪಠ್ಯ ಕರ್ನಾಟಕದ್ದು. ನಮ್ಮ ಕನ್ನಡ ಶಾಲೆಯ ಮಕ್ಕಳ ಕೈಯಲ್ಲಿದ್ದದ್ದು ಕನ್ನಡದಲ್ಲಿ ಅಚ್ಚಾದ ಆಂಧ್ರದ ಪಠ್ಯ. ಒಂದು ವಾಹಿನಿಯಲ್ಲಿ ಭಾಷೆ ಬೇರೆ, ಇನ್ನೊಂದರಲ್ಲಿ ಪುಸ್ತಕ ಬೇರೆ. ಐದನೇ ಕ್ಲಾಸಿನ ಒಬ್ಬ ಹುಡುಗಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಟಿವಿ ಮುಂದೆ ಕೂತು ಪುಟ ಹುಡುಕುತ್ತಿದ್ದಳು. "ಸಾರ್, ಇವರು ಹೇಳೋದು ನಮ್ಮ ಬುಕ್ಕಲ್ಲಿ ಎಲ್ಲೈತಿ?" ಅಂದಳು. ಅವಳ ಮನೆಗೂ ನಾನು "ಹೌದು" ಎಂದೇ ಬರೆದಿದ್ದೆ. ಇನ್ನು ಮೊಬೈಲ್ ಅಂದರೆ ಅಪ್ಪನ ಜೇಬಲ್ಲಿರುವುದು. ಅಪ್ಪ ದುಡಿಯಲು ಹೋದರೆ ಫೋನೂ ಅವನ ಜೊತೆಗೇ ಹೋಯಿತು.

ಮಡಕಶಿರಾದ ಕಡೆ, ಅಮರಾಪುರ, ಅಗಳಿ, ರೊಳ್ಳದ ಕನ್ನಡ ಶಾಲೆಗಳ ಮಕ್ಕಳ ಪಾಡೂ ಇದೇ. ಇಡೀ ರಾಜ್ಯದ ಪಟ್ಟಿಯಲ್ಲಿ ಇವರೆಲ್ಲ "ಟಿವಿ ಇದ್ದವರ" ಜೊತೆ ಸೇರಿಹೋಗಿರುತ್ತಾರೆ. ಆ ಪ್ರಶ್ನೆಯನ್ನು ಬಿಡಬೇಡ, ತಿದ್ದು. ಯಾವ ಭಾಷೆಯ ಪಾಠ, ಯಾವ ಪುಸ್ತಕದ್ದು, ವಾರಕ್ಕೆ ಎಷ್ಟು ದಿನ ನೋಡಿದೆ, ಪಕ್ಕದಲ್ಲಿ ಯಾರಿದ್ದರು ಅಂತ ಕೇಳು.

ಸಾವಿನ ಲೆಕ್ಕಕ್ಕೆ ಪಂಚಾಯ್ತಿಯ ಪುಸ್ತಕ ನೋಡುತ್ತೇನೆ ಎಂದು ಬರೆದಿದ್ದೀಯ. ನೋಡು, ಆದರೆ ಅಲ್ಲಿಗೇ ನಿಲ್ಲಿಸಬೇಡ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಆಯಿತೋ ಅಲ್ಲೇ ದಾಖಲಾಗಬೇಕು. ರಾಯದುರ್ಗದ ಕಡೆಯವರಿಗೆ ಅನಂತಪುರಕ್ಕಿಂತ ಬಳ್ಳಾರಿ ಹತ್ತಿರ. 2021ರ ಮೇ ತಿಂಗಳಲ್ಲಿ ಉಸಿರು ಸಿಕ್ಕಿಹಾಕಿಕೊಂಡವರನ್ನು ಕಾರಿಗೆ ಹಾಕಿಕೊಂಡು ನಮ್ಮವರು ಓಡಿದ್ದು ಬಳ್ಳಾರಿಯ ಕಡೆಗೆ. ಮಡಕಶಿರಾದವರು ಶಿರಾ, ತುಮಕೂರು, ಬೆಂಗಳೂರು ಅಂತ ಹೋದರು. ಅಲ್ಲಿ ತೀರಿಕೊಂಡವರ ಹೆಸರು ಇಲ್ಲಿನ ಪುಸ್ತಕಕ್ಕೆ ಬರುವುದಿಲ್ಲ. ದುಃಖ ಈ ಊರಿನ ಮನೆಯಲ್ಲಿ, ಅಂಕಿ ಆಚೆ ರಾಜ್ಯದ ಪುಸ್ತಕದಲ್ಲಿ. ನೀನು ಪಂಚಾಯ್ತಿ ಪುಸ್ತಕ ಒಂದನ್ನೇ ನಂಬಿದರೆ ಗಡಿಯ ಊರುಗಳಲ್ಲಿ ಸಾವು ಕಮ್ಮಿ ಎಂದು ಬರೆದುಬಿಡುತ್ತೀಯ. ನಮ್ಮ ಜಿಲ್ಲೆಗಳ ಗೆರೆಯೂ ಸುಮ್ಮನೆ ಕೂತಿಲ್ಲ. 2022ರ ಏಪ್ರಿಲ್ 4ರಿಂದ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. 2021ರ ಅನಂತಪುರವನ್ನೂ 2023ರ ಅನಂತಪುರವನ್ನೂ ಒಂದರ ಪಕ್ಕ ಒಂದಿಟ್ಟು "ಇಳಿಯಿತು" ಎಂದು ಬರೆಯುವವರನ್ನು ಕಂಡಿದ್ದೇನೆ. ಇಳಿದದ್ದು ಜಿಲ್ಲೆ.

ಮೊನ್ನೆ ಫೋನಿನಲ್ಲಿ ನೀನು "ಹೆಚ್ಚುವರಿ ಸಾವು" ಅಂದರೆ ಊರವರಿಗೆ ಹೇಗೆ ತಿಳಿಸಿ ಹೇಳೋದು ದೊಡ್ಡಪ್ಪ ಅಂದೆಯಲ್ಲ, ಅದನ್ನೇ ಯೋಚಿಸಿದೆ. ಶೇಂಗಾ ಬೆಳೆಯುವವರಿಗೆ ಹೇಳುವುದು ಕಷ್ಟವಿಲ್ಲ. ಎಂಟಾಣೆ ಬೆಳೆ ಅನ್ನಬೇಕಾದರೆ ಹದಿನಾರಾಣೆ ಅಂದರೆ ಎಷ್ಟು ಚೀಲ ಅಂತ ಮನಸ್ಸಿನಲ್ಲಿ ಇರಬೇಕಲ್ಲ? ಹಾಗೇ ಇದು. ಮಾಮೂಲು ವರ್ಷದಲ್ಲಿ ಎಷ್ಟು ಜನ ಸಾಯುತ್ತಾರೆ, ಆ ವರ್ಷ ಎಷ್ಟು ಜನ ಸತ್ತರು, ನಡುವಿನ ಅಂತರ ಎಷ್ಟು. ಕಾರಣ ಏನೆಂದು ಯಾರೂ ಬರೆಯದೆ ಹೋಗಿದ್ದರೂ ಅಂತರ ಮಾತ್ರ ಬಚ್ಚಿಟ್ಟುಕೊಳ್ಳಲಾರದು. ದೇಶದಲ್ಲಿ 2019ರಲ್ಲಿ ನೋಂದಣಿಯಾದ ಸಾವು 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102 ಲಕ್ಷ. ಒಂದೇ ವರ್ಷಕ್ಕೆ 21 ಲಕ್ಷ ಏರಿದೆ. ಅದೇ ವರ್ಷ ಕೋವಿಡ್ ಸಾವೆಂದು ಅಧಿಕೃತವಾಗಿ ಬರೆದದ್ದು ಸುಮಾರು 3.3 ಲಕ್ಷ. ಏರಿದ್ದೆಲ್ಲವೂ ಕೊರೋನಾದ್ದೇ ಅನ್ನಬೇಡ. ನೋಂದಣಿ ಮಾಡಿಸುವವರೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಆದರೆ ಇಷ್ಟು ದೊಡ್ಡ ಅಂತರವನ್ನು ನೋಡಿಯೂ ನೋಡದ ಹಾಗೆ ಹೋಗಬೇಡ.

ಇಲ್ಲಿ ನಿನ್ನ ಮುತ್ತಜ್ಜಿಯ ವಿಷಯ ಹೇಳಬೇಕು. ನಿಮ್ಮಪ್ಪ ನಿನಗೆ ಹೇಳಿದ್ದಾನೋ ಇಲ್ಲವೋ. 1918ರ ಇನ್‌ಫ್ಲುಯೆಂಜಾ ಬಂದಾಗ ಅವಳಿಗೆ ಆರು ವರ್ಷವಂತೆ. ಆ ದೀಪಾವಳಿ ಬರುವುದರೊಳಗೆ ಅವಳ ಅಮ್ಮ ಹೋದರು, ಹಿಂದೆಯೇ ಎಳೆಗೂಸೂ ಹೋಯಿತು. ಸೋದರಮಾವ ಎತ್ತಿನ ಗಾಡಿಯಲ್ಲಿ ಬಂದು ಇವಳನ್ನು ಕರೆದುಕೊಂಡು ಹೋದ. ಅಮ್ಮನ ಮುಖ ನೆನಪಿಲ್ಲ, ಗಾಡಿಯ ಹಿಂದೆ ಓಡಿ ಬಂದ ನಾಯಿ ಮಾತ್ರ ನೆನಪಿದೆ ಎಂದು ಎಂಬತ್ತು ದಾಟಿದ ಮೇಲೂ ಹೇಳುತ್ತಿದ್ದಳು. ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು, ಮದರಾಸು ಪ್ರಾಂತ. ಆಂಧ್ರಕ್ಕೆ ಬಂದದ್ದು 1953ರಲ್ಲಿ. 1911ರಲ್ಲಿ 25.2 ಕೋಟಿ ಇದ್ದ ದೇಶದ ಜನ 1921ರ ಜನಗಣತಿಯಲ್ಲಿ 25.1 ಕೋಟಿಗೆ ಇಳಿದರು. ಹತ್ತು ವರ್ಷಕ್ಕೆ ಜನಸಂಖ್ಯೆ ಕುಗ್ಗಿದ್ದು ಆ ಒಂದೇ ಸಲ. ಆ ಜ್ವರದಲ್ಲಿ ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು ಸತ್ತರು, ಅದೂ ಮಕ್ಕಳನ್ನು ಹೆತ್ತು ಸಾಕುವ ವಯಸ್ಸಿನವರು. ಹಾಗಾದರೆ ಎಷ್ಟು ಮಕ್ಕಳು ಅಂಥ ಗಾಡಿಗಳನ್ನು ಹತ್ತಿರಬೇಕು! ಸತ್ತವರನ್ನು ಲೆಕ್ಕ ಹಾಕಿದ ಸರ್ಕಾರ, ಉಳಿದ ಮಕ್ಕಳನ್ನು ಎಣಿಸುವ ಯೋಚನೆ ಮಾಡಲಿಲ್ಲ. ನಮ್ಮಜ್ಜಿ ಯಾವ ಪಟ್ಟಿಯಲ್ಲೂ ಇಲ್ಲ.

ಈ ಸಲ ಉಳಿದ ಮಕ್ಕಳನ್ನೂ ಎಣಿಸಿದರು, ಅದು ದೊಡ್ಡ ವಿಷಯ. ಆದರೆ ಎರಡು ಎಣಿಕೆ ಬಂದವು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ 'ಬಾಲ ಸ್ವರಾಜ್' ಪಟ್ಟಿಯಲ್ಲಿ 2022ರ ಫೆಬ್ರುವರಿ ಹೊತ್ತಿಗೆ 1,53,827 ಮಕ್ಕಳಿದ್ದರು. ಅದೇ ತಿಂಗಳು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಅಂದಾಜು, ತಂದೆ, ತಾಯಿ ಅಥವಾ ಸಾಕುತ್ತಿದ್ದ ಅಜ್ಜ ಅಜ್ಜಿಯನ್ನು ಕಳೆದುಕೊಂಡ ಭಾರತದ ಮಕ್ಕಳು 19 ಲಕ್ಷ ಎಂದಿತು. ಕೇಂದ್ರ ಸರ್ಕಾರ ಅದನ್ನು ಒಪ್ಪಲಿಲ್ಲ. ನಿನ್ನ ಗೆಳತಿ ಯಾವುದು ಸುಳ್ಳು ಎಂದು ಕೇಳಿದಳಂತೆ. ಎರಡೂ ಬೇರೆ ಬೇರೆ ಕೆಲಸದ ಅಂಕಿಗಳು. ಮೊದಲನೆಯದು ಯಾರೋ ಒಬ್ಬ ಸಿಬ್ಬಂದಿ ಮಗುವಿನ ಹೆಸರು ಬರೆದುಕೊಂಡ ಪಟ್ಟಿ. ಯಾರ ಕಣ್ಣಿಗೂ ಬೀಳದ ಮಗು ಅದರಲ್ಲಿರದು. ಎರಡನೆಯದು ಯಾವ ವಯಸ್ಸಿನ ಎಷ್ಟು ಗಂಡಸರು ಹೆಂಗಸರು ಹೆಚ್ಚುವರಿಯಾಗಿ ಸತ್ತಿರಬಹುದು, ಆ ವಯಸ್ಸಿನವರಿಗೆ ಸರಾಸರಿ ಎಷ್ಟು ಮಕ್ಕಳಿರುತ್ತಾರೆ ಎಂದು ಗುಣಿಸಿ ಹಾಕಿದ ಲೆಕ್ಕ; ಸಾವಿನ ಅಂದಾಜು ಅಲುಗಿದರೆ ಅದೂ ಅಲುಗುತ್ತದೆ. ಸಹಾಯ ಮುಟ್ಟಿಸಬೇಕಾದವನಿಗೆ ಹೆಸರಿನ ಪಟ್ಟಿ ಬೇಕು. ಪಟ್ಟಿ ಎಷ್ಟು ಗಿಡ್ಡ ಎಂದು ತಿಳಿಯಲು ಅಂದಾಜು ಬೇಕು. ಎರಡನ್ನೂ ಇಟ್ಟುಕೋ.

ಆ ಪಟ್ಟಿಯನ್ನೇ ಇನ್ನೊಮ್ಮೆ ಬಿಡಿಸಿ ನೋಡು. ಇಬ್ಬರನ್ನೂ ಕಳೆದುಕೊಂಡವರು 10,386, ಒಬ್ಬರನ್ನು ಕಳೆದುಕೊಂಡವರು 1,42,949. ಅಂದರೆ ಒಂದಕ್ಕೆ ಹದಿನಾಲ್ಕರ ಹತ್ತಿರ. ಆಂಧ್ರ ಸರ್ಕಾರ 2021ರ ಮೇನಲ್ಲಿ ಘೋಷಿಸಿದ ಹತ್ತು ಲಕ್ಷದ ಠೇವಣಿ, ಕೇಂದ್ರದ ಪಿಎಂ ಕೇರ್ಸ್‌ನ ಹತ್ತು ಲಕ್ಷ, ಎರಡೂ ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಕ್ಕಳಿಗೆ. ಅದು ಸಲ್ಲಬೇಕಾದ್ದೇ. ಆದರೆ ನಿನ್ನ ಪ್ರಶ್ನಾವಳಿಯೂ "ಅನಾಥ" ಎಂದರೆ ಇಬ್ಬರೂ ಇಲ್ಲದವರು ಎಂದು ಹಿಡಿದಿದೆ. ಅಪ್ಪ ಹೋದ ಮೇಲೆ ಅಮ್ಮ ರಾಯದುರ್ಗದಲ್ಲಿ ಪೀಸಿನ ಲೆಕ್ಕಕ್ಕೆ ಜೀನ್ಸ್ ಹೊಲಿಯುತ್ತಾ ರಾತ್ರಿ ಒಂಬತ್ತಕ್ಕೆ ಮನೆಗೆ ಬಂದರೆ, ಆ ಮಗು ಯಾವ ಕಾಲಮ್ಮಿಗೆ? ದಯವಿಟ್ಟು ಆ ಹದಿನಾಲ್ಕು ಮಕ್ಕಳಿಗೆ ಜಾಗ ಮಾಡು.

ಕಲಿಕೆಯ ಭಾಗ ಚೆನ್ನಾಗಿ ಮಾಡಿದ್ದೀಯ. ಒಂದೇ ಕಡೆ ಎಡವಿದ್ದೀಯ. ಹಳ್ಳಿ ಮಕ್ಕಳ ಕಲಿಕೆಯ ಅಸರ್ ವರದಿಯ ಅಂಕಿ ಕೊಟ್ಟು, ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ ಶೇ. 27.3, 2022ರಲ್ಲಿ 20.5, 2024ರಲ್ಲಿ 27.1, ಆದ್ದರಿಂದ "ನಷ್ಟ ತುಂಬಿತು" ಎಂದು ಬರೆದಿದ್ದೀಯ. ಯಾರ ನಷ್ಟ, ಮಗಳೇ? 2024ರಲ್ಲಿ ಮೂರನೇ ಕ್ಲಾಸಿನಲ್ಲಿ ಇದ್ದವರು ಬೇರೆ ಮಕ್ಕಳು. 2022ರಲ್ಲಿ ಮೂರರಲ್ಲಿ ಎಡವಿದವರು 2024ಕ್ಕೆ ಐದಕ್ಕೆ ಬಂದಿದ್ದರು. ಐದರ ಸಾಲನ್ನು ಓದು. ಅಲ್ಲಿ ಅದೇ ಎರಡನೇ ಕ್ಲಾಸಿನ ಪಾಠ ಓದಬಲ್ಲವರು ಶೇ. 48.8, ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಇನ್ನೂ ಬರುತ್ತಿರಲಿಲ್ಲ. ಕ್ಲಾಸಿನ ಹಿಂದೆ ಹೋಗಬೇಡ, ಮಗುವಿನ ಹಿಂದೆ ಹೋಗು.

ನಮ್ಮೂರಿನಂಥ ಶಾಲೆಗೆ ಶೇಕಡಾವಾರು ಹಾಕಬೇಡ ಎಂದೂ ಹೇಳಬೇಕು. 22 ಮಕ್ಕಳಲ್ಲಿ ಮೂವರಿಗೆ ಓದಲು ಬಾರದಿದ್ದರೆ ಶೇ. 14, ಇನ್ನೊಬ್ಬ ಸೇರಿದರೆ 18. ಒಬ್ಬ ಹುಡುಗ ಜ್ವರ ಬಂದು ಮಲಗಿದ್ದಕ್ಕೆ ನಿನ್ನ ಗ್ರಾಫು ಜಿಗಿಯುತ್ತದೆ. "22ರಲ್ಲಿ 3" ಎಂದೇ ಬರೆ. ಇನ್ನು ಬಾಲ್ಯವಿವಾಹದ ಪುಟದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿ ಹಾಕಿದ್ದೀಯ, ಆಂಧ್ರ ಶೇ. 29.3, ಕರ್ನಾಟಕ 21.3. ಅಂಕಿ ಸರಿ. ಆದರೆ ಈ ಎರಡೂ ರಾಜ್ಯದಲ್ಲಿ ಆ ಸಮೀಕ್ಷೆ ನಡೆದದ್ದು ಕೊರೋನಾ ಬರುವ ಮುಂಚೆ. ಲಾಕ್‌ಡೌನಿನಲ್ಲಿ ಏನಾಯಿತೆಂದು ಅದು ಹೇಳಲಾರದು. ನಾನು ಕಣ್ಣಾರೆ ಕಂಡದ್ದು ಬೇರೆ ಇದೆ, ಬಂದಾಗ ಹೇಳುತ್ತೇನೆ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. "ನಿಮ್ಮ ತಂದೆ ಕೋವಿಡ್‌ನಿಂದ ತೀರಿಕೊಂಡರೇ?" ಎಂದು ಮಗುವಿನ ಎದುರು ಕೇಳಬೇಡ. 2021ರ ಆಗಸ್ಟ್ 16ಕ್ಕೆ ಶಾಲೆ ತೆರೆದಾಗ ನಾನು ಹಾಜರಿ ಕರೆಯುತ್ತಿದ್ದೆ. ಐದನೇ ಕ್ಲಾಸಿನ ಹುಡುಗನೊಬ್ಬ "ಯಸ್ ಸಾರ್" ಅನ್ನಲಿಲ್ಲ. ತಲೆ ಎತ್ತಿ ನೋಡಿದೆ. ಎದ್ದು ನಿಂತು, "ಸಾರ್, ನಾನೀಗ ಮಾವನ ಮನೀಂದ ಬರ್ತೀನಿ" ಅಂದ. ಅಷ್ಟೇ. ಅಂಗಿ ದೊಡ್ಡದಾಗಿತ್ತು, ತೋಳು ಎರಡು ಸುತ್ತು ಮಡಚಿಕೊಂಡಿದ್ದ. ನನಗೆ ನಮ್ಮಜ್ಜಿಯ ಗಾಡಿ ನೆನಪಾಯಿತು. ಮುಂದಿನ ಹೆಸರು ಕರೆಯಲು ಸ್ವಲ್ಪ ಹೊತ್ತು ಆಗಲಿಲ್ಲ. ಅವತ್ತಿನಿಂದ ನಾನು ಮಕ್ಕಳನ್ನು ಕೇಳಿದ್ದು ಒಂದೇ ಪ್ರಶ್ನೆ: ಈಗ ಯಾರ ಮನೇಲಿ ಊಟ ಮಾಡ್ತೀಯಪ್ಪ? ಬೇಕಾದ್ದೆಲ್ಲ ಅದರಲ್ಲೇ ತಿಳಿಯುತ್ತಿತ್ತು, ಮಗುವೂ ತಲೆ ತಗ್ಗಿಸುತ್ತಿರಲಿಲ್ಲ. ನಿನ್ನ ಹದಿನೇಳನೇ ಪ್ರಶ್ನೆ ಹೊಡೆದುಹಾಕಿ ಇದನ್ನು ಬರೆದುಕೋ.

ಕಡೆಯದಾಗಿ ನಿನ್ನ ಸೂಚನೆಯಲ್ಲಿ "ಮನೆಗೆ ಬೀಗವಿದ್ದರೆ ಮುಂದಿನ ಮನೆಗೆ ಹೋಗುವುದು" ಎಂದಿದೆ. ನಮ್ಮೂರಿನಲ್ಲಿ ಬೀಗ ಹಾಕಿದ ಮನೆಗಳು ಯಾರವೆಂದು ಬಲ್ಲೆಯಾ? ದುಡಿಯುವ ಗಂಡಸು ಹೋದ ಮೇಲೆ ಸಾಲ ತೀರಿಸಲು ಬೆಂಗಳೂರಿಗೆ ಹೊರಟವರವು. ಮಕ್ಕಳೂ ಅವರ ಜೊತೆಗೇ ಹೋಗಿ ಕಟ್ಟಡದ ಕೆಲಸದ ಶೆಡ್ಡಿನಲ್ಲಿದ್ದಾರೆ. ನೀನು ಮುಂದಿನ ಮನೆಗೆ ಹೋದರೆ, ಯಾರಿಗೆ ಅತಿ ಹೆಚ್ಚು ಪೆಟ್ಟು ಬಿತ್ತೋ ಅವರೇ ನಿನ್ನ ಲೆಕ್ಕದಿಂದ ಹೊರಗಾದರು. ಉಳಿದವರ ಸರಾಸರಿ ಚೆನ್ನಾಗಿಯೇ ಬರುತ್ತದೆ. 2011ರ ಜನಗಣತಿಯ ಮೇಲೆ ಇನ್ನೊಂದು ಆಗಿಲ್ಲ, ಮುಂದಿನದು 2027ಕ್ಕೆ. ಊರಲ್ಲಿ ಈಗ ಎಷ್ಟು ಮನೆ, ಎಷ್ಟು ಮಕ್ಕಳು ಎಂಬುದಕ್ಕೂ ನೀನೇ ಪಟ್ಟಿ ಮಾಡಿಕೊಳ್ಳಬೇಕು. ನನ್ನ ಹಾಜರಿ ಪುಸ್ತಕದಿಂದ ಬರೆದಿಟ್ಟುಕೊಂಡದ್ದು ಒಂದು ನೋಟ್‌ಬುಕ್ಕಿದೆ, 2019ರಿಂದ 2023ರವರೆಗೆ ಯಾರು ಯಾವ ತಿಂಗಳು ಶಾಲೆ ಬಿಟ್ಟರು ಅಂತ. ಅದನ್ನು ತೆಗೆದಿಟ್ಟಿದ್ದೇನೆ.

ರಜೆ ಸಿಕ್ಕ ಕೂಡಲೇ ಹೊರಡು. ರಾಯದುರ್ಗದಲ್ಲಿ ಇಳಿದು ಫೋನ್ ಮಾಡು, ನಾನು ಬರುತ್ತೇನೆ. ಮಾವನ ಮನೆಯಿಂದ ಬರುತ್ತಿದ್ದ ಆ ಹುಡುಗ ಈಗ ಒಂಬತ್ತನೇ ಕ್ಲಾಸು, ನನಗಿಂತ ಎತ್ತರ ಬೆಳೆದಿದ್ದಾನೆ. ನೀನು ಬರುವ ವಿಷಯ ಹೇಳಿದೆ. "ಯಾವ ಮನೇವ್ರು ಎಲ್ಲಿಗೆ ಹೋಗ್ಯಾರೆ ನಂಗೊತ್ತು ಸಾರ್, ಅಕ್ಕನ್ನ ನಾನೇ ಕರ್ಕೊಂಡು ಹೋಗ್ತೀನಿ" ಅಂದ. ನಿನ್ನೆ ಸಂಜೆ ನಮ್ಮ ಜಗುಲಿಯ ಮೇಲೆ ಕೂತು ಬೀಗ ಹಾಕಿದ ಮನೆಗಳನ್ನು ಬರೆದುಕೊಟ್ಟು ಹೋದ. ಹನ್ನೊಂದಿವೆ. ಏಳಕ್ಕೆ ಫೋನ್ ನಂಬರ್ ಕೂಡ ಹಾಕಿದ್ದಾನೆ.

ಇತಿ,
ನಿನ್ನ ದೊಡ್ಡಪ್ಪ